ಮೂಲೆ ಬಿಟ್ಟು ಎರಡಡಿ ಮುಂದೆ ಬನ್ನಿ, ಸ್ವಾಮಿ

ಪರಮಪೂಜ್ಯ ದೊಡ್ಡ ಸ್ಪೀಕರ್ ಜೋಡಿಯ ಸನ್ನಿಧಾನಕ್ಕೆ, ಗೌರಿಬಿದನೂರಿನಿಂದ ತಮ್ಮ ವಿಧೇಯ ಕೇಳುಗನ ಸಾಷ್ಟಾಂಗ ನಮಸ್ಕಾರಗಳು.

ತಾವು ದಯಮಾಡಿಸಿದ ದಿನದಿಂದ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ನಮ್ಮ ಕೋಣೆ ಧನ್ಯವಾಗಿದೆ. ಎದೆಮಟ್ಟ ನಿಂತಿದ್ದೀರಿ, ಒಬ್ಬೊಬ್ಬರ ಹೊಟ್ಟೆಯಲ್ಲೂ ಹನ್ನೆರಡಿಂಚಿನ ವೂಫರ್. ಅಂಗಡಿಯವರು ತಮ್ಮನ್ನು ನುಡಿಸಿ ತೋರಿಸಿದ್ದು ಮದುವೆ ಮಾಡಬಹುದಾದಷ್ಟು ದೊಡ್ಡ ಹಾಲ್‌ನಲ್ಲಿ. "ಚಿಕ್ಕ ರೂಮಿಗೂ ಇದೇ ಸರಿ ಸಾರ್, ಬಾಸ್ ಸೂಪರಾಗಿರತ್ತೆ" ಅಂದರು. ಅವರ ಮಾತು ಸುಳ್ಳಾಗಿಲ್ಲ. ಆ ಬಾಸ್ ಬಿಟ್ಟರೆ ಬೇರೇನೂ ಕಿವಿಗೆ ಬೀಳುತ್ತಿಲ್ಲ ಅನ್ನುವುದೇ ನನ್ನ ಅಹವಾಲು.

ನಮ್ಮದು ತಮಟೆಯ ಸೀಮೆ. 2023ರಲ್ಲಿ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಇಡೀ ಚಿಕ್ಕಬಳ್ಳಾಪುರ ಜಿಲ್ಲೆ ಹಿಗ್ಗಿದ್ದು ಈ ವಾದ್ಯದ ಹೆಸರಿನಲ್ಲೇ. ಬಾರಿಸುವ ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ಕಾದು ಬಿಗಿದ ಚರ್ಮದ ಮೇಲೆ ಒಂದು ಕೈಯ ದಪ್ಪ ಕೋಲಿನ ಪೆಟ್ಟೇ ಬೇರೆ, ಇನ್ನೊಂದು ಕೈಯ ತೆಳು ಕಡ್ಡಿ ಸಿಡಿಯುವುದೇ ಬೇರೆ. ಆ ಎರಡರ ನಡುವಿನ ಚೂರು ಬಿಡುವಿನಲ್ಲೇ ಕುಣಿಯುವವನ ಕಾಲು ಎದ್ದು ಬೀಳುವುದು. ಸ್ವಾಮಿ, ತಮ್ಮ ಕೃಪೆಯಿಂದ ಆ ಬಿಡುವೇ ಇಲ್ಲದಂತಾಗಿದೆ. ಮೊದಲ ಪೆಟ್ಟಿನ ಗುಂಯ್ ಇಳಿಯುವಷ್ಟರಲ್ಲಿ ಎರಡನೆಯದು ಬಂದು ಹೋಗಿರುತ್ತದೆ. ಮೃದಂಗದ ಕಥೆಯೂ ಇದೇ. ಎಡಗಡೆಯ ತೊಪ್ಪಿ ಕೋಣೆ ತುಂಬ ಉರುಳಾಡುತ್ತದೆ, ಬಲಗಡೆಯ ಬೆರಳಾಟ ಅದರಡಿ ಸಿಕ್ಕಿ ನಜ್ಜುಗುಜ್ಜಾಗುತ್ತದೆ. ಗೋಡೆಯಾಚೆಯ ಅಡುಗೆಮನೆಗೆ ಹಾಡು ತಲುಪುವುದಿಲ್ಲ, ಗುದ್ದು ಮಾತ್ರ ತಲುಪುತ್ತದೆ. ತಟ್ಟೆ ಸ್ಟ್ಯಾಂಡು ಗಲಗಲ ಅಂದಾಗಲೆಲ್ಲ ಅಮ್ಮ ಬಂದು "ಯಾರಪ್ಪ ಬಾಗಿಲು ಬಡಿದಿದ್ದು?" ಅನ್ನುತ್ತಾರೆ.

ಇಂಥ ಗಂಭೀರ ಸ್ವರಗಳನ್ನು ತಾವು ದಯಪಾಲಿಸುತ್ತಿರುವಾಗ ಅವುಗಳ ಅಳತೆಯನ್ನಾದರೂ ತಿಳಿಯೋಣವೆಂದು ಕೂತೆ. ಸೆಕೆಂಡಿಗೆ 40 ಸಲ ಕಂಪಿಸುವ ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 8.6 ಮೀಟರ್ ಉದ್ದ. ನಮ್ಮೂರ ಹೊರಗಿನ ರೇಡಿಯೊ ದೂರದರ್ಶಕ ತಮಗೆ ಗೊತ್ತಿರಬಹುದು. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಯವರು ಸೇರಿ ಕಟ್ಟಿದ್ದು, 1976ರಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟಿದ್ದು. ಆ ರೇಡಿಯೊ ಅಲೆಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ, 8.7 ಮೀಟರ್. ಅದನ್ನು ಸರಿಯಾಗಿ ಆಲಿಸಲು ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಬಯಲಿನುದ್ದಕ್ಕೂ ಆಂಟೆನಾ ಸಾಲು ನೆಟ್ಟರು. ತಾವು ಮಾತ್ರ ಅಂಥ ಅಲೆಗಳನ್ನು ಮೂರೂವರೆ ಮೀಟರಿನ ಕೋಣೆಯಲ್ಲಿ ಹರಿಬಿಟ್ಟು, ಕುರ್ಚಿಯಲ್ಲಿ ಕೂತವನಿಗೆ ಆನಂದಿಸು ಅನ್ನುತ್ತೀರಿ.

ಅಲೆ ಉದ್ದ ಅನ್ನುವುದಷ್ಟೇ ಅಪರಾಧವಲ್ಲ. ಅರ್ಧ ಅಲೆಯ ಉದ್ದಕ್ಕೂ ಗೋಡೆಯಿಂದ ಗೋಡೆಗಿರುವ ದೂರಕ್ಕೂ ತಾಳೆಯಾದರೆ ಆ ಸ್ವರ ಅಲ್ಲೇ ಬೇರೂರಿಬಿಡುತ್ತದೆ. ನಮ್ಮ ಹನ್ನೆರಡಡಿಗೆ ಅದು 47 ಹರ್ಟ್ಸ್, ಹತ್ತಡಿಗೆ 56. ಮೇಲ್ಚಾವಣಿಯೂ ಹತ್ತೇ ಅಡಿ ಎತ್ತರ, ಹಾಗಾಗಿ 56ಕ್ಕೆ ಎರಡು ಕಡೆಯಿಂದ ಬಲ. ಹಿಂಗೋಡೆಗೆ ಒರಗಿ ಕೂತರೆ ಆ 47 ಎದೆಗೆ ಗುದ್ದುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಸ್ವರ ಮಂಗಮಾಯ. ಮರದ ಚೌಕಟ್ಟಿನ ಅಮೆರಿಕದ ಮನೆಗಳಲ್ಲಿ ತೆಳು ಹಲಗೆಯ ಗೋಡೆ ತಾನೂ ಅಲುಗಿ ಒಂದಿಷ್ಟು ಬಾಸನ್ನು ನುಂಗುತ್ತದೆ, ಒಂದಿಷ್ಟನ್ನು ಆಚೆ ಬಿಡುತ್ತದೆ. ಇಲ್ಲಿ ಒಂಬತ್ತಿಂಚಿನ ಇಟ್ಟಿಗೆ ಗೋಡೆ, ತಲೆ ಮೇಲೆ ಆರ್‌ಸಿಸಿ, ಕಾಲಡಿ ಗ್ರಾನೈಟ್. ತಾವು ಕೊಟ್ಟದ್ದೆಲ್ಲ ಬಡ್ಡಿ ಸಮೇತ ನಮಗೇ ವಾಪಸು.

ಇದಕ್ಕೆ ಮೊಟ್ಟೆ ಟ್ರೇ ಅಂಟಿಸಿ ಅನ್ನುವ ಹಿತೈಷಿಗಳಿಗೂ ನನ್ನ ನಮಸ್ಕಾರ. ಅದು ಮೇಲಿನ ಸ್ವರಗಳನ್ನಷ್ಟೇ ಚೂರು ತಿನ್ನುತ್ತದೆ. ಮೊದಲೇ ಮಂಕಾಗಿರುವ ಕಡ್ಡಿಯ ಸದ್ದು ಇನ್ನಷ್ಟು ಮಂಕಾಗುತ್ತದೆ, ಬಾಸಿನ ಕೂದಲೂ ಕೊಂಕುವುದಿಲ್ಲ.

ಆದ್ದರಿಂದ ತಮ್ಮ ಪಾದಕ್ಕೇ ಬಿನ್ನಹ. ತಾವು ಮೂಲೆಪ್ರಿಯರು, ಬಲ್ಲೆ. ಎರಡು ಗೋಡೆ, ಒಂದು ನೆಲ ಮೂರೂ ತಮ್ಮ ಬಾಸನ್ನು ಎತ್ತಿ ಹಿಡಿಯುವ ಆ ಸಿಂಹಾಸನ ಬಿಟ್ಟು ಎರಡಡಿ ಮುಂದೆ ಬರಬೇಕು. ಕಾಸು ಖರ್ಚಿಲ್ಲದ ಉಪಾಯಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ತಾವು ತೆರವು ಮಾಡಿದ ಮೂಲೆಗಳಲ್ಲಿ ಹಳೆಯ ಹತ್ತಿ ಹಾಸಿಗೆಗಳನ್ನು ಸುತ್ತಿ ನೆಲದಿಂದ ಚಾವಣಿವರೆಗೆ ನಿಲ್ಲಿಸುತ್ತೇನೆ. ದಪ್ಪವಿದ್ದಷ್ಟೂ ಒಳ್ಳೆಯದು, ತೆಳು ಪರದೆಯಿಂದ ಈ ಕೆಲಸ ಆಗದು. ತಮ್ಮ ಬೆನ್ನಿನ ತೂತಿಗೆ ಒಂದು ಸ್ಪಾಂಜಿನ ಬಿರಡೆ ತುರುಕಲು ಅಪ್ಪಣೆ ಬೇಡುತ್ತೇನೆ. ಪೆಟ್ಟಿಗೆ ಮುಚ್ಚಿದಂತಾಗಿ ಕೆಳಗಿನ ಸ್ವರ ಮೆಲ್ಲಗೆ ಇಳಿಯುತ್ತದೆ, ಕೋಣೆ ತಾನಾಗಿ ಬಾಸನ್ನು ಏರಿಸುವುದಕ್ಕೆ ಅದೇ ಹೊಂದುತ್ತದೆ. ನನ್ನ ಕುರ್ಚಿಯನ್ನು ನಾನೂ ಹಿಂಗೋಡೆಯಿಂದ ಸರಿಸುತ್ತೇನೆ, ನಟ್ಟನಡುವೆ ಮಾತ್ರ ಇಡುವುದಿಲ್ಲ. ಆಮೇಲೂ 56ರ ಬಳಿ ಉಬ್ಬು ಉಳಿದರೆ ಈಕ್ವಲೈಜರ್‌ನಲ್ಲಿ ಅಷ್ಟನ್ನು ಮಾತ್ರ ತಗ್ಗಿಸುತ್ತೇನೆ. ಸ್ವರ ಸತ್ತ ಜಾಗವನ್ನು ಎತ್ತಲು ಹೋಗುವುದಿಲ್ಲ. ಎಷ್ಟು ಸುರಿದರೂ ಅಲ್ಲಿ ಅಲೆಗೆ ಅಲೆಯೇ ಹೊಡೆದುಕೊಂಡು ಸಾಯುತ್ತದೆ, ಆಂಪ್ಲಿಫೈಯರ್ ಬಿಸಿಯಾಗುವುದಷ್ಟೇ ಲಾಭ.

ಇವಿಷ್ಟೂ ತಮ್ಮ ಘನತೆಗೆ ಕುಂದು ಅನಿಸಿದರೆ ಸಂಕೋಚ ಬೇಡ. ತಮ್ಮ ಗಾತ್ರಕ್ಕೊಪ್ಪುವ ಹಜಾರವಿರುವ ಯಾವುದಾದರೂ ಭಜನಾ ಮಂಡಳಿಗೆ ಮೆರವಣಿಗೆ ಮಾಡಿ ಕಳಿಸಿಕೊಡುತ್ತೇನೆ. ಈ ಕೋಣೆಗೆ ಐದಿಂಚಿನ ವೂಫರಿನ ಪುಟ್ಟ ಜೋಡಿಯೊಂದನ್ನು ತಂದು, ತಮಟೆಯ ಕಡ್ಡಿಯ ಪೆಟ್ಟನ್ನು ಬಿಡಿಬಿಡಿಯಾಗಿ ಕೇಳಿಕೊಳ್ಳುತ್ತೇನೆ. ಉಳಿಯುವುದೇ ಆದರೆ ಭಾನುವಾರ ಬೆಳಿಗ್ಗೆ ತಮ್ಮನ್ನು ಸರಿಸಲು ಪಕ್ಕದ ಮನೆಯ ಹುಡುಗರಿಗೆ ಹೇಳಿಟ್ಟಿದ್ದೇನೆ. ದಯವಿಟ್ಟು ಸಹಕರಿಸಬೇಕು.

ಇಂತಿ,
ತಮ್ಮ ಎದುರೇ ಕೂತಿರುವ ವಿಧೇಯ
ಗೌರಿಬಿದನೂರು