ಭಾವನ ಬಂಗಾರದ ಕಾರ್ಖಾನೆ

ಬಂಗಾರದ ಬೆಲೆ ಏರಿದಾಗೆಲ್ಲ ನಮ್ಮ ಭಾವನ ಕೈ ಸುತ್ತಿಗೆ ಹುಡುಕುತ್ತದೆ. ಈ ಸಲ ತಯಾರಾದದ್ದು ಇಳಿಜಾರಾದ ಮರದ ದೋಣಿ. ಒಳಗೆ ಅಡ್ಡಪಟ್ಟಿಗಳು, ಅವುಗಳಡಿ ಅಕ್ಕನ ಹೊಸ ಡೋರ್‌ಮ್ಯಾಟು. ತತ್ವವೇನೋ ಸಾಚಾ. ಬಂಗಾರ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು. ನೀರು ಹರಿದರೆ ಮರಳು ಕೊಚ್ಚಿಹೋಗುತ್ತದೆ, ಬಂಗಾರ ಪಟ್ಟಿಯ ಮರೆಯಲ್ಲಿ ಕೂರುತ್ತದೆ. 1849ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರು ನೆಚ್ಚಿದ್ದೂ ಇದನ್ನೇ. ನಮ್ಮ ಕಪ್ಪತಗುಡ್ಡದ ಜಾಲಗಾರರಂತೂ ಮರದ ಮರಿಗೆಯಲ್ಲೇ ಹಳ್ಳದ ಮರಳು ತೊಳೆದು ಕಣ ಹೆಕ್ಕುತ್ತಿದ್ದರು. ಭಾವನಿಗೆ ಮರಿಗೆ ಸಾಲದು, ಕೂಲರ್‌ನ ಪಂಪೂ ಬೇಕು. (ಅಕ್ಕ ಬೆವರುತ್ತಿದ್ದಾಳೆ.)

"ಮರಳು ಎಲ್ಲಿಂದ ತರ್ತೀರಿ ಭಾವ?"

ಕಾಂಪೌಂಡಿಗೆಂದು ತರಿಸಿದ್ದ ಎಂ-ಸ್ಯಾಂಡ್ ರಾಶಿ ತೋರಿಸಿದರು.

"ಅದು ಕ್ರಷರ್‌ನಲ್ಲಿ ಪುಡಿಮಾಡಿದ ಕಲ್ಲು!"

"ಕೋಲಾರದಲ್ಲಿ ಮತ್ತೇನು ಪುಡಿಮಾಡ್ತಿದ್ರಯ್ಯಾ, ಕೊಬ್ಬರೀನಾ?"