ಫಲಕದ ಭಾವ

ಸಾಲಾಗಿ ನಡೆಯುವ ಗುಂಪಿನಲ್ಲಿ ಒಬ್ಬ ಇದ್ದಕ್ಕಿದ್ದಂತೆ ನಿಂತು, ಹಿಂದಿನವರೆಲ್ಲ ಅವನ ಬೆನ್ನಿಗೆ ಢಿಕ್ಕಿ ಹೊಡೆದರೆ, ಎದುರಿಗೊಂದು ಫಲಕ ಇದೆ ಎಂದು ತಿಳಿಯಬೇಕು.

ಇಂಥವರನ್ನು ನೀವೂ ಕಂಡಿದ್ದೀರಿ. ಬನವಾಸಿಗೆ ಹೋದರೆ ಮಧುಕೇಶ್ವರನಿಗಿಂತ ಮೊದಲು ಪುರಾತತ್ತ್ವ ಇಲಾಖೆಯ ಫಲಕದ ದರ್ಶನ ಆಗಬೇಕು. ಹಾನಿ ಮಾಡಿದವರಿಗೆ ದಂಡ ಎಂಬಲ್ಲಿಯವರೆಗೆ ಓದದೆ ಒಳಗೆ ಕಾಲಿಡರು. ಬಸ್ಸಿನಲ್ಲಿ ಕೂತರೆ 'ಚಿಲ್ಲರೆ ಕೊಟ್ಟು ಸಹಕರಿಸಿ' ಎಂಬುದನ್ನೂ ಬಿಡುವುದಿಲ್ಲ. ಓದಿದರೆ ಓದಿಕೊಳ್ಳಲಿ, ಗಟ್ಟಿಯಾಗಿ ಏಕೆ ಎಂಬುದು ನನ್ನ ತಕರಾರು. ಕಣ್ಣು ನನಗೂ ಇದೆ, ಕನ್ನಡಕ ಸಿಕ್ಕರೆ.

ನನ್ನ ಪಾಲಿಗೆ ಬಂದವನು ಹೆಂಡತಿಯ ಅಣ್ಣ. ಸಿದ್ದಾಪುರ ಬದಿಯವ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವ. ಅವನಿಗೆ ನಾನು ಭಾವ, ನನಗೆ ಅವನು ಭಾವ. ನಮ್ಮೂರು ಹುಲಗೋಳಕ್ಕೆ ಬಂದರೆ ಸೊಸೈಟಿ ಗೋಡೆಗೆ ಅಂಟಿಸಿದ ಸರ್ವಸಾಧಾರಣ ಸಭೆಯ ನೋಟೀಸನ್ನು ಕೋರಂ ಸಮೇತ ಓದಿ ಮುಗಿಸಿಯೇ ನಮ್ಮ ಅಂಗಳಕ್ಕೆ ಕಾಲಿಡುವುದು.

ಹೋದ ವರ್ಷ ನಮ್ಮಿಬ್ಬರಿಗೂ ಒಟ್ಟಿಗೇ ಅಮೆರಿಕಾ ಯೋಗ ಬಂತು. ನನ್ನ ಮಗಳಿರುವುದು ನೆವಾಡಾದ ಮರುಭೂಮಿಯಲ್ಲಿ, ಲಾಸ್ ವೇಗಾಸ್ ಪಕ್ಕದ ಹೆಂಡರ್ಸನ್‌ನಲ್ಲಿ. ಒಂದು ದಿನ ಬೆಳಗಿನ ಜಾವವೇ ಅಳಿಯ ಎಬ್ಬಿಸಿದ. ತಡಮಾಡಿದರೆ ಹಲಸಿನ ಹಪ್ಪಳ ಒಣಗಿದ ಹಾಗೆ ಒಣಗುತ್ತೇವಂತೆ. ಹೋದದ್ದು ಹೂವರ್ ಅಣೆಕಟ್ಟಿನ ಹಳೆಯ ರೈಲುದಾರಿಗೆ. ಅಣೆಕಟ್ಟು ಕಟ್ಟುವ ಸಾಮಾನು ಸಾಗಿಸಲು 1931ರಲ್ಲಿ ಹಾಕಿದ್ದು. ಈಗ ಹಳಿ ಇಲ್ಲ, ಸಪಾಟು ಕಾಲುದಾರಿ ಅಷ್ಟೆ. ಒಂದು ಬದಿ ಬೋಳು ಗುಡ್ಡ, ಇನ್ನೊಂದು ಬದಿ ಕೆಳಗೆ ಮೀಡ್ ಸರೋವರ. ನೀರಿಳಿದಲ್ಲೆಲ್ಲ ಬಂಡೆಗೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟಿ. ಸೊಪ್ಪಿನ ಬೆಟ್ಟದ ಬುಡದಲ್ಲಿ ಬೆಳೆದ ನನಗೆ ಯಾರೋ ಬತ್ತಲೆ ನಿಂತಂತೆ ಮುಜುಗರವಾಯಿತು. ಗುಡ್ಡವೋ ನಾನೋ, ತಿಳಿಯಲಿಲ್ಲ.

ಹೆಚ್ಚು ಯೋಚಿಸಲು ಪುರಸೊತ್ತೂ ಸಿಗಲಿಲ್ಲ. ಮೊದಲ ಫಲಕ ಬಂತು.

"ತಡಿಯ ಭಾವ, ಎಂತದೋ ಬರದ್ದ ಇಲ್ಲಿ."

ಮೊದಲು ಇಂಗ್ಲಿಷಿನಲ್ಲಿ ಪೂರ್ತಿ, ಶಾಲೆಯ ಪ್ರಾರ್ಥನೆಯ ಧ್ವನಿಯಲ್ಲಿ. ಆಮೇಲೆ ಕನ್ನಡದಲ್ಲಿ ಭಾವಾರ್ಥ. ಅದಾದ ಮೇಲೆ ನನಗೆ ಪರೀಕ್ಷೆ.

"ಸುರಂಗ ಎಷ್ಟು?"

"ಐದು."

"ಅಗಲ?"

ನಾನು ಸರೋವರದ ಕಡೆ ನೋಡಿದೆ.

"ಇಪ್ಪತ್ತೈದು ಅಡಿ! ಒಂದು ರೈಲಿಗೆ ಅಷ್ಟೆಲ್ಲ ಎಂತಕ್ಕೆ?" ಉತ್ತರವನ್ನೂ ಅವನೇ ಹೇಳಿದ: ಅಣೆಕಟ್ಟಿನ ದೈತ್ಯ ಕೊಳವೆ, ಯಂತ್ರಗಳೆಲ್ಲ ಅದರೊಳಗೆ ಹಾಯಬೇಕಿತ್ತು. ನಾಯಿ ಹಿಡಿದುಕೊಂಡು ಬಂದ ಅಮೆರಿಕದ ಅಜ್ಜಿಯೊಬ್ಬಳು ನಿಂತು, ಕನ್ನಡ ಭಾವಾರ್ಥವನ್ನೂ ಪೂರ್ತಿ ಕೇಳಿ, ಥ್ಯಾಂಕ್ಯೂ ಹೇಳಿ ಹೋದಳು. ಅಲ್ಲಿಂದ ಮುಂದೆ ಭಾವನನ್ನು ಹಿಡಿಯುವವರಿಲ್ಲ. ಆ ಅಜ್ಜಿಯನ್ನು ನಾನು ಇನ್ನೂ ಕ್ಷಮಿಸಿಲ್ಲ.

ಎರಡನೆಯ ಸುರಂಗದ ತಂಪಿನಲ್ಲಿ ಕವಳದ ಸಂಚಿ ಬಿಚ್ಚಿದೆವು. ಎಲ್ಲೂ ಉಗುಳಬಾರದೆಂದು ಅಳಿಯ ತಾಕೀತು ಮಾಡಿದ್ದರಿಂದ ಜೇಬಿನಲ್ಲೊಂದು ಖಾಲಿ ಬಾಟಲಿ. ಬಾಯಲ್ಲಿ ಕವಳ ಇದ್ದಷ್ಟು ಹೊತ್ತು ಭಾವ ಓದಲಾರ ಎಂಬುದು ಹೊಳೆದದ್ದು ಆಗಲೇ. ಅಡಿಕೆಯ ಮೇಲೆ ಅಂದು ಹುಟ್ಟಿದ ಗೌರವ ನನಗೆ ಕ್ವಿಂಟಾಲಿಗೆ ಐವತ್ತು ಸಾವಿರ ಧಾರಣೆ ಬಂದಾಗಲೂ ಹುಟ್ಟಿರಲಿಲ್ಲ. ಎಲೆಗೆ ಸುಣ್ಣ ಹಚ್ಚಿ ಎರಡನೆಯದನ್ನು ನಾನೇ ಕಟ್ಟಿಕೊಟ್ಟೆ. ಮೂರನೆಯದನ್ನೂ.

ಸಂಚಿ ಖಾಲಿಯಾಯಿತು, ಫಲಕ ಖಾಲಿಯಾಗಲಿಲ್ಲ. ಐದನೆಯ ಸುರಂಗ ದಾಟಿದ ಮೇಲೆ ಭಾವ ಮತ್ತೆ ಶುರುಮಾಡಿದ. ಈ ದಾರಿಯನ್ನು ಕೊನೆಯ ಸಲ ಬಳಸಿದ್ದು 1961ರಲ್ಲಿ. 1962ರಲ್ಲಿ ಹಳಿ ಕಿತ್ತು ಗುಜರಿಗೆ ಮಾರಿದರು. ಓದು ಅಲ್ಲಿಗೇ ನಿಂತಿತು. ಭಾವಾರ್ಥವೂ ಬರಲಿಲ್ಲ, ಪ್ರಶ್ನೆಯೂ ಬರಲಿಲ್ಲ.

"ಗುಜರಿಗಾ?" ಅಂದ, ತುಸು ಹೊತ್ತಿನ ಮೇಲೆ.

ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಯಲ್ಲಾಪುರದ ಮೇಲೆ ಬರುತ್ತದೆಂದು ಮಕ್ಕಳ ಕೈಯಲ್ಲಿ ನಕ್ಷೆಗೆ ಚುಕ್ಕಿಗೆರೆ ಹಾಕಿಸಿದವನು ಭಾವ. ತಾಳಗುಪ್ಪದವರೆಗೆ ಬಂದ ಹಳಿ ಸಿದ್ದಾಪುರಕ್ಕೇಕೆ ಬರಬಾರದು ಎಂದು, ಶಿರಸಿಗೇಕೆ ಬರಬಾರದು ಎಂದು, ಅವನ ದುಂಡಗಿನ ಅಕ್ಷರದಲ್ಲಿ ಹೋದ ಮನವಿಗಳಿಗೆ ಲೆಕ್ಕವಿಲ್ಲ. ಕಾಡು ಎಷ್ಟು ಹೋಗುತ್ತದೆ ಗೊತ್ತುಂಟಾ ಎಂದು ನಾನು ಅಡ್ಡ ಮಾತಾಡಿ, ಜಗಲಿಯ ಮೇಲೆ ಎಷ್ಟೋ ಮಧ್ಯಾಹ್ನ ಇಬ್ಬರೂ ಹರಿಹಾಯ್ದಿದ್ದೇವೆ. ನಮ್ಮ ಸೀಮೆಯವರು ಇವತ್ತಿಗೂ ರೈಲು ಹಿಡಿಯಲು ಹಾವೇರಿಗೋ ಹುಬ್ಬಳ್ಳಿಗೋ ತಾಳಗುಪ್ಪಕ್ಕೋ ಹೋಗುತ್ತಾರೆ. ಇಲ್ಲಿಯವರು ಹಳಿ ಹಾಕಿ, ಕೆಲಸ ತೀರಿಸಿ, ಕಿತ್ತು ಮಾರಿ, ಮಿಕ್ಕ ದಾರಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದಾರೆ. ಕಾಡಿನ ಮಾತು ನನ್ನ ನಾಲಿಗೆಯ ಮೇಲೆ ಬಂದಿತ್ತು. ನುಂಗಿಕೊಂಡೆ.

ವಾಪಸು ಬರುವಾಗ ಭಾವ ಯಾವ ಫಲಕಕ್ಕೂ ನಿಲ್ಲಲಿಲ್ಲ. ಎಲ್ಲ ಓದಿ ಆಗಿತ್ತಲ್ಲ ಎನ್ನಬಹುದು. ಆದರೆ ಅವನು ಓದಿದ್ದನ್ನೇ ಎರಡೆರಡು ಸಲ ಓದುವವ. ಮುಂದೆ ಹೋಗುತ್ತಿದ್ದ ಅವನ ಬೆನ್ನಿಗೆ ಢಿಕ್ಕಿ ಹೊಡೆಯುವ ಪ್ರಸಂಗವೇ ಬರಲಿಲ್ಲ. ಬೆಳಿಗ್ಗೆಯಿಂದ ನಾನು ಹಾರೈಸಿದ್ದು ಅದನ್ನೇ, ಸಿಕ್ಕಾಗ ರುಚಿಸಲಿಲ್ಲ. ಕೊನೆಗೆ ನಾನೇ ಕನ್ನಡಕ ಹುಡುಕಿ ಏರಿಸಿಕೊಂಡು, ಶೌಚಾಲಯದ ಪಕ್ಕದ ಫಲಕವೊಂದನ್ನು ಗಟ್ಟಿಯಾಗಿ ಓದಿದೆ.

"ಉಚ್ಚಾರ ಸಮಾ ಇಲ್ಲೆ," ಅಂದ ಭಾವ, ತಿರುಗಿ ಬಂದು.

ಆ ಕಡೆ ಹೋಗುವವರಿದ್ದರೆ ಬಿಸಿಲೇರುವ ಮೊದಲು ಹೊರಡಿ. ಅಣೆಕಟ್ಟಿನವರೆಗೆ ಹೋಗಿಬರಲು ಸುಮಾರು 12 ಕಿಲೋಮೀಟರು. ನೀರು ಜಾಸ್ತಿಯೇ ಇರಲಿ. ಫಲಕ ಓದಲು ಎಲ್ಲೂ ನಿಲ್ಲಬೇಕಾಗಿಲ್ಲ, ಎಲ್ಲದರ ಫೋಟೋ ಭಾವನ ಮೊಬೈಲಿನಲ್ಲಿದೆ.