ಹೊಲಿಯದ ಟೈಲರಮ್ಮ

ಮಹಿಳಾ ಮಂಡಳಿಯ ಹೊಲಿಗೆ ಕ್ಲಾಸು ಯಾವ ಊರಿನಲ್ಲಿದ್ದರೂ ಅಲ್ಲೊಬ್ಬರು ಟೈಲರಮ್ಮ ಇದ್ದೇ ಇರುತ್ತಾರೆ. ಕಲಿಸುವ ಮೇಡಂ ಬೇರೆ, ಇವರು ಬೇರೆ. ಇವರೂ ಎಲ್ಲರ ಹಾಗೆ ಫೀಸು ಕಟ್ಟಿ ಸೇರಿದವರೇ. ಆದರೆ ಕೊರಳಿಗೆ 60 ಇಂಚಿನ ಟೇಪು ಇಳಿಬಿಟ್ಟುಕೊಂಡು ಬಾಗಿಲಲ್ಲಿ ಕಾಣಿಸಿಕೊಂಡರೆ ಹೊಸದಾಗಿ ಸೇರಿದ ಹುಡುಗಿಯರು ಎದ್ದು ನಿಂತು ಇವರಿಗೇ ನಮಸ್ಕಾರ ಹಾಕುತ್ತಾರೆ. ಇವರೂ ತಪ್ಪೇನೂ ತಿಳಿಯದೆ ಸ್ವೀಕರಿಸುತ್ತಾರೆ.

ಸೇರಿದ ಹೊಸದರಲ್ಲಿ ಎಲ್ಲರಿಗೂ ಹಳೇ ಪೇಪರು ಕೊಟ್ಟು ಮಗುವಿನ ಜಬಲಾ ಕತ್ತರಿಸಲು ಹೇಳಿದ್ದರು. ಉಳಿದವರು ಪೇಪರಿನಿಂದ ಬಟ್ಟೆಗೆ, ಜಬಲಾದಿಂದ ಲಂಗಕ್ಕೆ, ಲಂಗದಿಂದ ರವಿಕೆಗೆ ಬಡ್ತಿ ಪಡೆದರು. ಟೈಲರಮ್ಮ ಪೇಪರಿನಲ್ಲೇ ಉಳಿದರು. ಕತ್ತರಿಸುವ ಮುಂಚೆ ಒಮ್ಮೆ ಓದಬೇಕಲ್ಲ!

ಹಾಗೆಂದು ವಿದ್ಯೆಯಲ್ಲಿ ಕಡಿಮೆಯಿಲ್ಲ. ಎದೆಸುತ್ತು 36 ಎನ್ನುವಷ್ಟರಲ್ಲಿ, ಕಾಲುಭಾಗ 9, ಹೊಲಿಗೆಗೆ ಇಷ್ಟು, ಟಕ್ಸಿಗೆ ಇಷ್ಟು ಎಂದು ಮಗ್ಗಿಯಂತೆ ಒಪ್ಪಿಸುತ್ತಾರೆ. ಕಟೋರಿ, ಪ್ರಿನ್ಸೆಸ್ ಕಟ್, ಬೋಟ್ ನೆಕ್ ಎಲ್ಲವೂ ಬಾಯಲ್ಲೇ ತಯಾರು. ಬಾಬಿನ್ನಿಗೆ ದಾರ ಸುತ್ತಿ ಅಂದರೆ ಮಾತ್ರ ಅವತ್ತೇ ಕನ್ನಡಕ ಮನೆಯಲ್ಲಿ ಮರೆತಿರುತ್ತದೆ.

ಅವರ ಖಾಸಾ ಇಲಾಖೆ ತಪಾಸಣೆ. ಯಾರಾದರೂ ತೋಳು ಕೂಡಿಸಿ ಉಸ್ಸಪ್ಪಾ ಎನ್ನುವಷ್ಟರಲ್ಲಿ ಬೆನ್ನ ಹಿಂದಿನಿಂದ ತೀರ್ಪು ಬರುತ್ತದೆ: "ಎಡದ ತೋಳು ಬಲಕ್ಕೆ ಹೋಗಿದೆ, ಬಿಚ್ಚಿ." ರೇಷ್ಮೆ ರವಿಕೆಗೆ ಕತ್ತರಿ ಇಡುವ ಗಳಿಗೆಗೆ ಸರಿಯಾಗಿ, "ಲೈನಿಂಗ್ ನೆನೆಸಿ ಒಣಗಿಸಿದ್ರೇನ್ರೀ? ಇಲ್ಲಾಂದ್ರೆ ಮೊದಲನೇ ಒಗೆತಕ್ಕೇ ಅದು ಕುಗ್ಗಿ ಮೇಲಿನ ಬಟ್ಟೆ ಸುಕ್ಕಾಗುತ್ತೆ." ಸಿಟ್ಟು ಬರುವುದು ಅವರು ಹೇಳಿದರೆಂದಲ್ಲ, ಹೇಳಿದ್ದು ಸರಿಯಿರುತ್ತದಲ್ಲ, ಅದಕ್ಕೆ.

ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳೊಬ್ಬಳು ಒಮ್ಮೆ, "ಆಂಟೀ, ನೀವ್ಯಾಕೆ ಮೆಷಿನ್ ತುಳಿಯಲ್ಲ?" ಎಂದು ಕೇಳಿಯೇಬಿಟ್ಟಳು. ಟೈಲರಮ್ಮ ವಿಚಲಿತರಾಗಲಿಲ್ಲ. "1924ರಲ್ಲಿ ಗಾಂಧೀಜಿ ಯಂತ್ರಗಳ ಹುಚ್ಚು ಬೇಡ ಅಂದವರು, ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ರು, ಗೊತ್ತಾ?" ಎಂದರು. "ವಿನಾಯಿತಿ ಕೊಟ್ಟಿದ್ದು ಯಂತ್ರಕ್ಕಾ, ನಿಮಗಾ?" ಎಂದಳು ಹುಡುಗಿ.

ಇಂಥವರನ್ನು ಮಂಡಳಿ ಯಾಕೆ ಇಟ್ಟುಕೊಂಡಿದೆ ಎನ್ನುವುದು ತಿಂಗಳ ಕೊನೆಗೆ ಗೊತ್ತಾಗುತ್ತದೆ. ಕಲಿತ ಹೆಂಗಸರು ಅಕ್ಕಪಕ್ಕದವರ ಸೀರೆಗೆ ಫಾಲ್ ಹಚ್ಚುತ್ತಾರೆ, ಜಿಗ್‌ಜಾಗ್ ಹಾಕುತ್ತಾರೆ, ಮಕ್ಕಳ ಯೂನಿಫಾರಂ ಅಂಚು ಬಿಚ್ಚಿ ಉದ್ದ ಮಾಡಿಕೊಡುತ್ತಾರೆ. ದುಡ್ಡು ಕೇಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಬಟ್ಟೆ ಒಯ್ದವರೂ, "ಎಲ್ಲಿ ಹೋಗ್ತೀವಿ ಬಿಡ್ರೀ, ಕೊಟ್ರಾಯ್ತು" ಎಂದು ಇದೇ ಊರಿನಲ್ಲಿ ಹಾಯಾಗಿರುತ್ತಾರೆ. ಆಗ ಟೈಲರಮ್ಮ ಬಾಕಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾರೆ. ಮಾತಿಗೆ ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ಆ ಮನೆಯವರು ಉಟ್ಟ ಸೀರೆಯ ಫಾಲನ್ನೇ ಎತ್ತಿ ಹಿಡಿದು ಹೊಲಿಗೆಯ ಅಂದ ಹೊಗಳುತ್ತಾರೆ. ದುಡ್ಡು ಎಣಿಸಿ ಕೈಗಿಡುವವರೆಗೆ ಹೊಗಳುತ್ತಲೇ ಇರುತ್ತಾರೆ. ಸಂಜೆ ಹೊತ್ತಿಗೆ ಅರ್ಧ ಬೀದಿಯ ಬಾಕಿ ವಸೂಲು.

ಪುಸ್ತಕದ ಮೊದಲ ಸಾಲಿನಲ್ಲೇ ನಾಲ್ಕು ರವಿಕೆಯ ಬಾಕಿಯೊಂದು ಹಾಗೇ ಉಳಿದಿದೆ. ಹೆಸರು ಟೈಲರಮ್ಮನದೇ. ಅದನ್ನು ವಸೂಲು ಮಾಡುವ ಗಂಡೆದೆಯ ಹೆಣ್ಣು ಮಂಡಳಿಗೆ ಇನ್ನೂ ಸೇರಿಲ್ಲ.